ಕೊಕ್ಕರೆಗೆ ಒಂದು ಉತ್ತರ

ಬಸ್ಸು ಇವತ್ತು ಬರದಿದ್ದರೆ ಎಷ್ಟು ಚೆನ್ನಾಗಿರುತ್ತದೆ ಎಂದು ಥಾಕ್ ಯೋಚಿಸುತ್ತಿರುವಾಗಲೇ ಬಸ್ಸು ಬಂತು. ಬೇರೆ ದಿನವಾಗಿದ್ದರೆ ಲಾಂಗ್ ಸೋನ್‌ನಿಂದ ಬರುವ ಈ ಬಸ್ಸು ಘಾಟಿಯಲ್ಲೆಲ್ಲೋ ಕೆಟ್ಟು ನಿಂತು, ಡ್ರೈವರ್ ಇಳಿದು ಸಿಗರೇಟು ಸೇದಿ, ಪ್ರಯಾಣಿಕರೆಲ್ಲ ತಳ್ಳಿ, ಸಂಜೆಯ ಹೊತ್ತಿಗೆ ದೋಂಗ್ ಖೆ ಪೇಟೆ ಮುಟ್ಟುತ್ತಿತ್ತು. ಇವತ್ತು ಮಾತ್ರ ಸಾಲ ವಸೂಲಿಗೆ ಬಂದವನ ಹಾಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತಿತು. ಬಾಗಿಲಲ್ಲಿ ಮೊದಲು ಕಂಡದ್ದು ಅವ್ವನ ನೀಲಿ ತಲೆವಸ್ತ್ರ, ಆಮೇಲೆ ಎಲೆಯಲ್ಲಿ ಸುತ್ತಿದ ಹುರಿದ ಬಾತು, ಕೊನೆಗೆ ಅವ್ವ. ಎಂಬತ್ತು ದಾಟಿದ ಮುದುಕಿ ಮಗಳ ಮನೆಯಲ್ಲಿ ಉಂಡು ಮಲಗಿ ಮೈ ತುಂಬಿಕೊಂಡು, ಹೊರಟಾಗಿನದಕ್ಕಿಂತ ಹತ್ತು ವರ್ಷ ಚಿಕ್ಕವಳಾಗಿ ವಾಪಸು ಬಂದಿದ್ದಳು. ಇನ್ನೂ ಎಷ್ಟು ಕಾಲ ಬದುಕುತ್ತಾಳಪ್ಪ ಎಂದು ಸಂತೋಷವಾಯಿತು. ಅದರ ಹಿಂದೆಯೇ, ಸದ್ಯಕ್ಕೆ ಬದುಕುವುದೇ ಒಳ್ಳೆಯದು, ಯಾಕೆಂದರೆ ಸತ್ತರೆ ಮಲಗಿಸಲು ಪೆಟ್ಟಿಗೆಯಿಲ್ಲ ಎಂಬ ಇನ್ನೊಂದು ಯೋಚನೆ ಬಂದು, ಥಾಕ್ ನಡುಬೀದಿಯಲ್ಲಿ ತನ್ನಷ್ಟಕ್ಕೆ ತಾನೇ ನಾಚಿಕೊಂಡ.

"ಏನೋ, ಮುಖ ಯಾಕ್ ಹಿಂಗಿದೆ? ನಿನ್ ಹೆಂಡ್ತಿ ಊಟ ಹಾಕ್ಲಿಲ್ವಾ?"

"ಹಾಕಿದ್ಲವ್ವ. ಬಿಸಿಲು."

"ಬಿಸಿಲೆಲ್ಲಿದೆಯೋ? ಮೋಡ ಕವ್ಕೊಂಡು ಕೂತಿದೆ."

ಅವ್ವ ಬೈಕಿನ ಹಿಂದೆ ಹತ್ತಿ ಕೂತಳು. ಬಾತಿನ ಪೊಟ್ಟಣ ಅವನ ಬೆನ್ನಿಗೂ ಅವಳ ಹೊಟ್ಟೆಗೂ ನಡುವೆ ಬೆಚ್ಚಗೆ ಸಿಕ್ಕಿಕೊಂಡಿತು. ಪೇಟೆಯ ಜನ ಕೈಯೆತ್ತಿ ನಕ್ಕರು. ಥಾಕ್‌ನ ಮುಖಕ್ಕಿಂತ ಅವನ ದನಿ ಊರಿಗೆಲ್ಲ ಪರಿಚಯ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಕಂಬಕಂಬದ ಮೇಲಿನ ಧ್ವನಿವರ್ಧಕಗಳಲ್ಲಿ ಕಮ್ಯೂನಿನ, ಅಂದರೆ ಊರಾಡಳಿತದ, ಸುದ್ದಿ ಓದುವವನು ಅವನೇ. ಮೊದಲು ಎಲ್ಲರಿಗೂ ತಿಳಿಯುವ ದೇಶದ ಭಾಷೆಯಲ್ಲಿ, ಆಮೇಲೆ ಗುಡ್ಡಗಾಡಿನ ತಾಯ್ ಜನರ ಮಾತಿನಲ್ಲಿ. ಹಂದಿಗಳಿಗೆ ಲಸಿಕೆ, ಕಾಲುವೆ ಹೂಳೆತ್ತುವುದು, ಯಾರ ಮನೆಯ ಎಮ್ಮೆ ಯಾರ ಗದ್ದೆಗೆ ನುಗ್ಗಿತು, ಯಾರು ತೀರಿಕೊಂಡರು. ಸಾವಿನ ಸುದ್ದಿಯಲ್ಲಂತೂ ಅವನನ್ನು ಮೀರಿಸುವವರಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಬಲ್ಲವನು. ತಮ್ಮ ಹೆಸರನ್ನೂ ಥಾಕ್‌ನ ಬಾಯಲ್ಲಿ ಒಮ್ಮೆ ಕೇಳಬೇಕು ಎಂದು ಆಸೆಪಡುವ ಮುದುಕರು ಕಣಿವೆಯಲ್ಲಿ ಇದ್ದಾರೆ. ಕಳೆದ ಹುಣ್ಣಿಮೆಗೆ ಮುಂಚೆ, ಅವ್ವ ಮಗಳ ಮನೆಯಲ್ಲಿದ್ದಾಗ, ಅವನು ಓದಿದ್ದ: 'ಹುಂಗ್ ಯೆನ್ ಪ್ರಾಂತ್ಯದಿಂದ ಬಂದು ನಮ್ಮ ಕಣಿವೆಯ ಪಾಳುನೆಲವನ್ನು ಗದ್ದೆ ಮಾಡಿದ ಮೊದಲಿಗರಲ್ಲಿ ಒಬ್ಬರಾದ ಶ್ರೀಮತಿ ದ್ವಾನ್...' ಕಣಿವೆ ಪೂರ್ತಿ ಕೇಳಿತು. ಎಮ್ಮೆಗಳು ಕೇಳಿದವು. ಕೇಳಬೇಕಾದವಳೊಬ್ಬಳಿಗೆ ಮಾತ್ರ ಆ ಮಾತು ಹೇಳುವುದಕ್ಕೆ, ಮೈಕಿಲ್ಲದ ಅವನ ಬಾಯಿಗೆ ಈವರೆಗೆ ಆಗಿರಲಿಲ್ಲ.

"ನಮ್ ಕೊಕ್ಕರೆ ಹೇಗಿದ್ದಾಳೋ?" ಅವ್ವ ಅವನ ಕಿವಿಯಲ್ಲಿ ಕೂಗಿದಳು.

"ಯಾವ ಕೊಕ್ಕರೆ?"

"ಊರಲ್ಲೆಷ್ಟು ಕೊಕ್ಕರೆ ಸಾಕಿದ್ದೀಯಾ? ಬಯಲುಸೀಮೆ ಕೊಕ್ಕರೆ. ದ್ವಾನು."

"ಮಲಗಿದಾಳವ್ವ."

"ಈ ಹೊತ್ನಲ್ಲಿ? ಹುಷಾರಿಲ್ವಾ?"

"ಈಗ ನೋವೇನೂ ಇಲ್ಲ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಥಾಕ್ ಲೆಕ್ಕ ಹಾಕಿದ. ಇದೇ ರೀತಿ ಸತ್ಯವನ್ನೇ ನುಡಿಯುತ್ತ ಸಂಜೆಯವರೆಗೆ ದಾಟಿಬಿಟ್ಟರೆ, ಸಂಜೆಯ ಪ್ರಸಾರದಲ್ಲಿ ಹಂದಿ ಲಸಿಕೆಯ ನಡುವೆ ಆ ಸಾವಿನ ಸುದ್ದಿಯನ್ನು 'ಕೇಳುಗರ ಕೋರಿಕೆಯ ಮೇರೆಗೆ' ಇನ್ನೊಮ್ಮೆ ಓದಿಬಿಡಬಹುದು ಎಂಬ ಉಪಾಯ ಹೊಳೆಯಿತು. ಕಂಬದ ಮೇಲಿನ ದನಿಗೆ ಯಾರೂ ಪೊರಕೆ ಎಸೆಯುವುದಿಲ್ಲ.

"ಎದ್ದಿರ್ತಾಳೆ ಬಿಡು ನಾನ್ ಬಂದೆ ಅಂದ್ರೆ. ಅವಳಿಗೆ ಉತ್ತರ ಸಿಕ್ಕಿದೆ ಕಣೋ ನಂಗೆ!"

ಅವ್ವ ಮಗಳ ಮನೆಗೆ ಹೋದದ್ದು ಮೊಮ್ಮಕ್ಕಳ ಮೇಲಿನ ಮಮತೆಯಿಂದ ಎಂದು ಊರು ತಿಳಿದಿತ್ತು. ನಿಜವಾಗಿ ಅವಳು ಸೋತು ಹೋಗಿದ್ದಳು. ಹೊರಡುವ ಹಿಂದಿನ ದಿನ ಎರಡೂ ಮನೆಗಳ ನಡುವಿನ ಕಾಲುವೆಯ ಆ ದಡದಲ್ಲಿ ದ್ವಾನ್, ಈ ದಡದಲ್ಲಿ ಅವ್ವ, ಎಂದಿನಂತೆ ಬೆಳಗಿನ ಜಗಳ ಮುಗಿಸುತ್ತಿದ್ದರು. ಅವ್ವ ತಾಯ್ ಮಾತಿನಲ್ಲಿ ಬಯ್ಯುವುದು, ದ್ವಾನ್ ತನ್ನ ಬಯಲಿನ ಮಾತಿನಲ್ಲಿ ಬಯ್ಯುವುದು. ಇಬ್ಬರಿಗೂ ಇನ್ನೊಬ್ಬರದು ಒಂದು ಚೂರೂ ಅರ್ಥವಾಗುವುದಿಲ್ಲವೆಂದು ಇಬ್ಬರೂ ಆಣೆ ಮಾಡುತ್ತಿದ್ದರು, ಆದರೆ ಒಂದು ಬೈಗಳಾದರೂ ಗುರಿ ತಪ್ಪಿದ್ದನ್ನು ಥಾಕ್ ಕಂಡಿಲ್ಲ. ಅವತ್ತು ಮಾತು ಅವ್ವನ ಶವಪೆಟ್ಟಿಗೆಗೆ ಬಂದಿತ್ತು. ಅದು ಅವ್ವನ ಜೀವದ ಜೀವ. ಗಂಡ ತೀರಿಕೊಂಡ ವರ್ಷ ತಾನೇ ಕಾಡಿಗೆ ಹೋಗಿ ಮರ ಆರಿಸಿ, ಬಡಗಿಯ ಎದುರು ಕೂತು ಮಾಡಿಸಿದ್ದು. ಕಂಬಗಳ ಮೇಲೆ ನಿಂತ ಅಟ್ಟದ ಮನೆಯ ಅಡಿಯಲ್ಲಿ ಇಟ್ಟು, ಖಾಲಿ ಇದ್ದರೆ ಅಪಶಕುನವೆಂದು ವರ್ಷವೂ ಜೋಳ ತುಂಬಿಸುತ್ತಿದ್ದಳು. ದ್ವಾನ್ ಅಂದಿದ್ದಳು: "ಥಾಕ್‌ನ ಅವ್ವ, ಆ ಪೆಟ್ಟಿಗೇಲಿ ಮಲಗಿ ಹೋದ್ರೆ ನಿನ್ ಮೈಯೆಲ್ಲ ಜೋಳದ ವಾಸ್ನೆ. ನಿಮ್ ಹಿರೀಕರು ನಿನ್ನ ಕೆಂಡಕ್ಕೆ ಹಾಕಿ ಹುರ್ಕೊಂಡ್ ತಿಂತಾರೆ ನೋಡ್ತಿರು." ಅವ್ವ ಬಾಯಿ ತೆರೆದಳು. ಉತ್ತರ ಬರಲಿಲ್ಲ. ದ್ವಾನ್ ಗೆದ್ದ ಹುಂಜದ ಹಾಗೆ ಕುತ್ತಿಗೆ ಎತ್ತಿ ಒಳಗೆ ಹೋದಳು. ಮರುದಿನವೇ ಅವ್ವ ಬಸ್ಸು ಹತ್ತಿದ್ದಳು.

"ಕೇಳ್ತೀಯಾ ಉತ್ತರ?"

"ಮನೇಗ್ ಹೋಗಿ ಕೇಳ್ತೀನವ್ವ, ದಾರಿ ಸರಿಯಿಲ್ಲ."

"ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಹೇಳ್ದೆ, ನಕ್ಕೂ ನಕ್ಕೂ ವಾಂತಿ ಮಾಡ್ಕೊಂಡ್ಲು. ಕೇಳು. 'ಹುರಿದ ಜೋಳ ಆದ್ರೆ ಹಿರೀಕರು ಬಾಯಿಗಾದ್ರೂ ಹಾಕ್ಕೋತಾರೆ ಕಣೇ. ಮೀನ್‌ಸಾರು ನಾರೋ ನಿನ್ನನ್ನ ಬೆಕ್ಕೂ ಮೂಸಲ್ಲ, ಮಣ್ಣು ಮುಚ್ಚಿ ಹೊರಟುಹೋಗುತ್ತೆ!' ಹೇಗಿದೆ?"

ಬೈಕು ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಹೋಗಿ, ಒಂದು ಬಾಳೆಗಿಡಕ್ಕೆ ಒರಗಿ ನಿಂತಿತು.

"ಬೈಕ್ ಓಡ್ಸೋಕ್ ಬರಲ್ಲ ನಿಂಗೆ," ಎಂದಳು ಅವ್ವ, ಬಾತನ್ನು ಮುಟ್ಟಿ ನೋಡಿಕೊಂಡು. "ಮಾತು ಚೆನ್ನಾಗಿದೆ ತಾನೇ?"

ಮಾತು ಬಹಳ ಚೆನ್ನಾಗಿತ್ತು. ಅದೇ ತೊಂದರೆ. ಮಣ್ಣು ಮುಚ್ಚಿ ಆಗಿತ್ತು. ಮುಚ್ಚಿದವರಲ್ಲಿ ಥಾಕನೂ ಒಬ್ಬ, ಎರಡು ಬುಟ್ಟಿ ಹಾಕಿದ್ದ. ಮಣ್ಣಿನ ಕೆಳಗೆ ದ್ವಾನ್ ಮಲಗಿದ್ದದ್ದು ಅವ್ವನ ಪೆಟ್ಟಿಗೆಯಲ್ಲಿ, ಜೋಳದ ವಾಸನೆಯ ನಡುವೆ. ಅವಳು ತೀರಿಕೊಂಡ ದಿನ ಮಳೆಗೆ ಗುಡ್ಡ ಕುಸಿದು ಪೇಟೆಯ ದಾರಿ ಮುಚ್ಚಿತ್ತು. ಬೆಳಗ್ಗೆ ದ್ವಾನ್‌ಳ ಮಗ ಖಿಯೆಮ್ ತಲೆಗೆ ಬಿಳಿಬಟ್ಟೆ ಕಟ್ಟಿಕೊಂಡು ಏಣಿಯ ಬುಡದಲ್ಲಿ ನಿಂತ. ಇಟ್ಟಿಗೆ ಲಾರಿ ಓಡಿಸುವ ಗಟ್ಟಿ ಆಳು, ಮಗುವಿನಂತೆ ಅಳುತ್ತಿದ್ದ. 'ನನ್ನನ್ನ ಬಯಲಿಗೇ ಒಯ್ಯಿರಿ, ಇಲ್ಲಿ ಪೆಟ್ಟಿಗೆ ಗಿಟ್ಟಿಗೆ ಮಾಡಿಸಬೇಡಿ' ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಅಮ್ಮ ಬಾವಿಕಟ್ಟೆಯ ಹತ್ತಿರ ಕೂತಲ್ಲೇ ಹೋಗಿಬಿಟ್ಟಿದ್ದಳು. ಮಧ್ಯಾಹ್ನದೊಳಗೆ ಪೆಟ್ಟಿಗೆಯಲ್ಲಿ ಮಲಗಿಸಬೇಕು, ಆಮೇಲೆ ಗಳಿಗೆ ಕೆಟ್ಟದ್ದು ಎಂದು ಪುರೋಹಿತ ಹೇಳಿದ್ದ. 'ಪೆಟ್ಟಿಗೆ ಸಾಲ ಕೊಟ್ಟವರ ಆಯುಸ್ಸು ಹೆಚ್ಚುತ್ತಂತೆ ಅಣ್ಣ,' ಎಂದ ಖಿಯೆಮ್. ಥಾಕ್‌ಗೆ ಇಲ್ಲವೆನ್ನುವುದು ಹುಟ್ಟಿದಾರಭ್ಯ ಬರುವುದಿಲ್ಲ. ಹೆಂಡತಿ ಹ್ವೇ ಮಾತ್ರ ಮೇಲಿನಿಂದ, "ಮೊದ್ಲು ಅತ್ತೆಗೊಂದು ಫೋನ್ ಮಾಡ್ರೀ" ಎಂದಿದ್ದಳು. ಫೋನು ತೆಗೆದ. ಫೋನು ಮಾಡಿದರೆ ಅವ್ವ ಬರುತ್ತಾಳೆ, ಗುಡ್ಡ ಕುಸಿದಿದ್ದರೂ ಹತ್ತಿಳಿದು ಬರುತ್ತಾಳೆ. ಬಂದರೆ ತನ್ನ ಪೆಟ್ಟಿಗೆಯಲ್ಲಿ ತನ್ನ ವೈರಿ ಕಾಲು ಚಾಚಿ ಮಲಗಿರುವುದನ್ನು ನೋಡುತ್ತಾಳೆ, ಎಲ್ಲರೆದುರು ಎಬ್ಬಿಸಿ ಇಳಿಸಲೂ ಹೇಸಳು. ಫೋನನ್ನು ಜೇಬಿಗೆ ಹಾಕಿಕೊಂಡು, ಜೋಳವನ್ನು ಚೀಲಗಳಿಗೆ ಸುರಿಯಲು ಶುರು ಮಾಡಿದ. ದ್ವಾನ್ ಉದ್ದದ ಹೆಂಗಸು, ಮೊಣಕಾಲು ಸ್ವಲ್ಪ ಮಡಚಬೇಕಾಯಿತು.

ಮನೆ ಬಂತು. ಅವ್ವ ಏಣಿಯ ಬುಡದ ಕಲ್ಲುಮರಿಗೆಯಲ್ಲಿ ಕಾಲು ತೊಳೆಯುತ್ತ, ಕಾಲುವೆಯ ಆಚೆ ಒಂದು ಕಣ್ಣು ಇಟ್ಟಿದ್ದಳು. ಈ ಕಾಲು ತೊಳೆಯುವುದರಿಂದಲೇ ಎಲ್ಲ ಶುರುವಾದದ್ದು. ಆಗಿನ್ನೂ ಥಾಕ್ ಹುಟ್ಟಿರಲಿಲ್ಲ. ಬಯಲಿನಲ್ಲಿ ಜನ ಹೆಚ್ಚು, ಗುಡ್ಡದಲ್ಲಿ ನೆಲ ಹೆಚ್ಚು ಎಂದು ಸರ್ಕಾರ ಬಯಲಿನವರನ್ನು ಡೋಲು ಬಾರಿಸಿ, ಹೂವಿನ ಹಾರ ಹಾಕಿ ಲಾರಿಗಳಲ್ಲಿ ತಂದು ಇಳಿಸಿತ್ತು. ಒಂದೊಂದು ತಾಯ್ ಮನೆಗೆ ಒಂದೊಂದು ಬಯಲಿನ ಸಂಸಾರ ಹಂಚಿದರು. ಅವ್ವ ಹೊಸ ಸೊಸೆ, ನೆಲ ಒರೆಸಿ ಬಾಗಿಲಲ್ಲಿ ನಿಂತಿದ್ದಾಳೆ. ಕೊಕ್ಕರೆಯ ಹಾಗೆ ಉದ್ದ ಕತ್ತಿನ ಹುಡುಗಿಯೊಬ್ಬಳು ಕೆಸರು ಮೆತ್ತಿದ ಚಪ್ಪಲಿಯಲ್ಲೇ ದಡದಡ ಏಣಿ ಹತ್ತಿ ಬಂದು, 'ಅಯ್ಯೋ, ಇವರು ಕೋಳಿ ಹಾಗೆ ಅಟ್ಟದ ಮೇಲೆ ಇರ್ತಾರಲ್ಲಪ್ಪ' ಎಂದಳಂತೆ. ಅವ್ವನಿಗೆ ಆ ಭಾಷೆ ಬರುತ್ತಿರಲಿಲ್ಲ, ಆದರೂ ಅರ್ಥವಾಯಿತಂತೆ. ಅಲ್ಲಿಂದ ಹಿಡಿದು ಸಹಕಾರಿ ಗದ್ದೆಯಲ್ಲಿ ಎಮ್ಮೆಗೆ ಭೇದಿಯಾದದ್ದು ಯಾರ ಹುಲ್ಲಿನಿಂದ ಎಂಬುದರವರೆಗೆ, ದೇಶದಲ್ಲಿ ಒಂದು ಯುದ್ಧ ಮುಗಿದು ಇನ್ನೊಂದು ಬಂದರೂ ಅವರಿಬ್ಬರ ಜಗಳ ನಿಲ್ಲಲಿಲ್ಲ. ಆಚೆ ದೇಶದ ಸೈನ್ಯ ಗಡಿ ದಾಟಿದ ಆ ಚಳಿಗಾಲದಲ್ಲಿ ಊರೆಲ್ಲ ಸುಣ್ಣಕಲ್ಲಿನ ಗವಿಗೆ ಓಡಿತು. ಜನ ಅಕ್ಕಿ, ಉಪ್ಪು, ಕಂಬಳಿ ತಂದರೆ ದ್ವಾನ್ ಬಯಲಿನವರು ಮೀನು ಕೊಳೆಸಿ ಮಾಡುವ ಮೀನ್‌ಸಾರನ್ನು ಒಂದು ಜಾಡಿ ಹೊತ್ತು ತಂದಳು. ಕತ್ತಲಲ್ಲಿ ಅದು ಒಡೆದು ಅವ್ವನ ಕಂಬಳಿಯ ಮೇಲೆ ಸುರಿಯಿತು. ಹೊರಗೆ ಫಿರಂಗಿಯ ಸದ್ದು, ಒಳಗೆ ಕೆಮ್ಮಿದರೂ ಬಾಯಿ ಮುಚ್ಚುತ್ತಿದ್ದರು, ಆದ್ದರಿಂದ ಇಬ್ಬರೂ ಪಿಸುಮಾತಿನಲ್ಲಿ ಜಗಳವಾಡಿದರು. ಅಷ್ಟು ಭಯಂಕರವಾದ ಬೈಗಳನ್ನು ಅಷ್ಟು ಮೆತ್ತಗೆ ಯಾರೂ ಆಡಿರಲಾರರು. ನಾರುವ ಆ ಒಂದೇ ಕಂಬಳಿಯಡಿಯಲ್ಲಿ, ಚಳಿಗೆ, ಇಬ್ಬರೂ ಮಲಗಿದರು. ನಡುವೆ ಜ್ವರ ಬಂದ ಥಾಕ್. ಅವನ ತಲೆಯ ಮೇಲಿಂದ ಬೈಗಳು ಅತ್ತಿತ್ತ ಹೋಗಿ ಬರುತ್ತಿದ್ದವು, ಅದನ್ನು ಕೇಳುತ್ತ ಅವನಿಗೆ ಒಳ್ಳೆ ನಿದ್ದೆ ಬಂದಿತ್ತು. ಅಷ್ಟು ಚೆನ್ನಾಗಿ ಆಮೇಲೆ ಎಂದೂ ನಿದ್ದೆ ಮಾಡಿದ ನೆನಪಿಲ್ಲ.

"ಪೆಟ್ಟಿಗೆ ಮೇಲೆ ಯಾಕೋ ಟಾರ್ಪಾಲು?" ಅವ್ವ ಕಾಲು ಒರೆಸಿಕೊಳ್ಳುತ್ತ ಕೇಳಿದಳು.

ಟಾರ್ಪಾಲಿನ ಕೆಳಗೆ ಇದ್ದದ್ದು ಜೋಳದ ಚೀಲಗಳು, ಒಂದು ಮುರಿದ ಬೆಂಚು, ಎರಡು ನೇಗಿಲು. ಪೆಟ್ಟಿಗೆಯ ಆಕಾರ ಬರಲೆಂದು ಥಾಕ್ ಒಂದು ಇಡೀ ಮಧ್ಯಾಹ್ನ ಕಷ್ಟಪಟ್ಟಿದ್ದ. ಹ್ವೇ ನೋಡಿ, "ಸತ್ತ ಎಮ್ಮೆ ಮುಚ್ಚಿಟ್ಟ ಹಾಗಿದೆ" ಎಂದಿದ್ದಳು.

"ಮಳೆ ಹೊಡೀತಿತ್ತವ್ವ, ನೆನೀಬಾರ್ದು ಅಂತ."

ಅವ್ವ ಹತ್ತಿರ ಹೋಗಿ ಮುಷ್ಟಿಯಿಂದ ತಟ್ಟಿದಳು. ಠಕ್ ಎನ್ನಬೇಕಾದದ್ದು ಬುಸ್ ಎಂದಿತು.

"ಯಾಕೋ ಮೆತ್ತಗಿದೆ."

"ಜೋಳ ತುಂಬಿದೆಯಲ್ಲವ್ವ."

"ಹೂಂ," ಎಂದು ಅವ್ವ ಮಗನ ಮುಖವನ್ನೇ ನೋಡಿದಳು. ಈ ನೋಟಕ್ಕೆ ಅವನು ಐವತ್ತು ವರ್ಷಗಳಿಂದ ಹೆದರುತ್ತ ಬಂದಿದ್ದಾನೆ. ಈಗ ಹೇಳಿಬಿಡಬೇಕು, ಈಗಲೇ, ಎಂದು ನಾಲಿಗೆ ಎತ್ತಿದ. ಗಂಟಲಲ್ಲಿ ಕಡುಬು ಸಿಕ್ಕಿಕೊಂಡವನ ಹಾಗೆ ಒಂದು ಸದ್ದು ಬಂತು, ಅಷ್ಟೆ. "ಕೆಮ್ಮು ಇದ್ರೆ ಶುಂಠಿ ಕುಡಿ," ಎಂದು ಅವ್ವ ಮೇಲೆ ಹತ್ತಿದಳು.

ಮೇಲೆ ಅವ್ವ ಉಣ್ಣಲಿಲ್ಲ. ತಲೆ ಬಾಚಿಕೊಂಡಳು, ಒಳ್ಳೆಯ ನೀಲಿ ಅಂಗಿ ತೊಟ್ಟಳು. ಮದುವೆಗೆ ಹೊರಟವಳ ಹಾಗೆ ಕನ್ನಡಿ ನೋಡಿದಳು. ಬಾತಿನ ಒಂದು ತೊಡೆ ಮುರಿದು ಬಾಳೆಲೆಯಲ್ಲಿ ಸುತ್ತಿದಳು. "ಅವಳ ಮುಂದೆ ಕೂತ್ಕೊಂಡು ತಿಂತೀನಿ," ಎಂದಳು ಹ್ವೇಗೆ. "ಬೇಕು ಅಂದ್ರೆ ಮಾತ್ರ ಒಂಚೂರು ಕೊಡ್ತೀನಿ. ಹಲ್ಲಿಲ್ಲ ಪಾಪ, ಮೆತ್ತಗಿರೋ ಭಾಗ ನೋಡಿ ಇಟ್ಟಿದೀನಿ." ಹ್ವೇ ಒಲೆಯ ಕಡೆ ತಿರುಗಿ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡು, ಗಂಡನತ್ತ ಒಂದು ನೋಟ ಬೀರಿದಳು. ಆ ನೋಟದಲ್ಲಿ ಇದ್ದದ್ದು ಏನೆಂದು ಗಂಡಸಾದವನಿಗೆ ವಿವರಿಸಿ ಹೇಳಬೇಕಾಗಿಲ್ಲ.

"ಈಗ ಬೇಡವ್ವ. ಅವಳು ಮನೇಲಿಲ್ಲ."

"ಮಲಗಿದಾಳೆ ಅಂದ್ಯಲ್ಲೋ!"

"ಬೇರೆ ಕಡೆ ಮಲಗಿದಾಳೆ."

"ಬೇರೆ ಕಡೆ ಅಂದ್ರೆ? ಇನ್ನೊಬ್ಬ ಮಗನ ಮನೇಲಾ?"

"ಅಲ್ಲಿಗಿಂತ... ಸ್ವಲ್ಪ ಮೇಲೆ. ಗುಡ್ಡದ ಕಡೆ."

"ಗುಡ್ಡದ ಕಡೆ ಅವಳಿಗೆ ಯಾರಿದಾರೋ?"

ಯಾರೂ ಇಲ್ಲ ಎಂದು ಅವನಿಗೂ ಆಗಲೇ ಹೊಳೆದದ್ದು. ಗುಡ್ಡದ ಮಗ್ಗುಲಲ್ಲಿ ಇರುವುದೆಲ್ಲ ತಾಯ್ ಗೋರಿಗಳು, ಸತ್ತ ಬಯಲಿನವರನ್ನೆಲ್ಲ ಬಯಲಿಗೇ ಒಯ್ದಿದ್ದರು, ಇಲ್ಲಿ ಬಯಲಿನವಳು ಅವಳೊಬ್ಬಳೇ. ಅಷ್ಟರಲ್ಲಿ ಕೆಳಗೆ ಲಾರಿಯ ಹಾರನ್ನು ಕೇಳಿಸಿತು.

ಖಿಯೆಮ್ ಎಂಥ ಒಳ್ಳೆಯವನೆಂದರೆ, ಕೊಟ್ಟ ಮಾತಿಗೆ ತಪ್ಪುವವನಲ್ಲ. ದಾರಿ ತೆರೆದ ಕೂಡಲೇ ಪೇಟೆಗೆ ಹೋಗಿ ಬದಲಿ ಪೆಟ್ಟಿಗೆ ತಂದುಕೊಡುತ್ತೇನೆಂದು ಹೇಳಿದ್ದ. ದಾರಿ ನಿನ್ನೆ ತೆರೆದಿತ್ತು. ಇಷ್ಟು ನಿಯತ್ತಿನ ಮನುಷ್ಯರಿಂದ ಲೋಕಕ್ಕೆ ಎಷ್ಟು ತೊಂದರೆ ಎಂದು ಥಾಕ್ ಹಲ್ಲು ಕಚ್ಚಿದ. ಲಾರಿಯ ಮೇಲೆ, ಇಟ್ಟಿಗೆ ಧೂಳಿನ ನಡುವೆ, ಕೆಂಪು ಅರಗು ಬಳಿದು ಚಿನ್ನದ ಬಣ್ಣದ ಡ್ರ್ಯಾಗನ್‌ಗಳನ್ನು ಬರೆದ ಪೇಟೆಯ ಪೆಟ್ಟಿಗೆ, ಹೊಸ ಬಸ್ಸಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅವ್ವ ಬಾಳೆಲೆಯ ಪೊಟ್ಟಣ ಹಿಡಿದು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಳು. ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಖಿಯೆಮ್‌ನ ತಲೆಯ ಬಿಳಿಬಟ್ಟೆ ನೋಡಿದಳು.

ಖಿಯೆಮ್ ಮೊಣಕಾಲೂರಿದ. "ದೊಡ್ಡಮ್ಮಾ, ನಿಮ್ಮ ಋಣ ಹೇಗೆ ತೀರಿಸ್ಲಿ! ಅಮ್ಮ ನಿಮ್ಮ ಪೆಟ್ಟಿಗೇಲೇ ಸುಖವಾಗಿ ಹೋದ್ಲು. ಥಾಕಣ್ಣ ಒಂದು ಮಾತೂ ಆಡ್ದೆ ಕೊಟ್ಬಿಟ್ಟ."

ಒಂದು ಮಾತೂ ಆಡದೆ ಎಂಬುದೇನೋ ಸರಿಯಾಗಿತ್ತು. ಥಾಕ್ ಕಂಬಕ್ಕೆ ಆತು ನಿಂತ. ಈಗ ಬರುತ್ತದೆ, ಪೊರಕೆಯೋ, ಒನಕೆಯೋ, ಹಡೆದ ಹೊಟ್ಟೆಗೆ ಹಾಕಿಕೊಳ್ಳುವ ಶಾಪವೋ. ಊರಿನವರ ಮುಂದೆ, ಇಷ್ಟು ವಯಸ್ಸಾದ ಮೇಲೆ, ಕಿವಿ ಹಿಂಡಿಸಿಕೊಳ್ಳಲು ಮನಸ್ಸನ್ನು ಸಿದ್ಧ ಮಾಡಿಕೊಂಡ. ಅವ್ವ ಮೆಲ್ಲಗೆ ಕೊನೆಯ ಮೆಟ್ಟಿಲವರೆಗೆ ಇಳಿದು ಅಲ್ಲೇ ಕೂತಳು.

"ಯಾವಾಗ?" ಎಂದಳು.

"ಹುಣ್ಣಿಮೆಗೆ ಮುಂಚೆ, ದೊಡ್ಡಮ್ಮ."

"ಮೈ ತೊಳೆದೋರು ಯಾರು?"

"ನನ್ ಹೆಂಡ್ತಿ, ಆಮೇಲೆ ಹ್ವೇ ಅಕ್ಕ."

"ಅತ್ತೋರು ಯಾರು?"

"ಸೊಸೇರೆಲ್ಲ ಅತ್ರು."

"ಅವ್ರಿಗೇನ್ ಬರುತ್ತೆ ಅಳೋಕೆ! ಮೊನ್ನೆ ಮೊನ್ನೆ ಬಂದೋರು. ಏನಂತ ಅತ್ರು? ಅವಳು ಗದ್ದೇಲಿ ಹೆಂಗೆ ನಾಟಿ ಮಾಡ್ತಿದ್ಲು ಅಂತ ಯಾರಾದ್ರೂ ಅಂದ್ರಾ? ಓರೆಕೋರೆ ನೆಡ್ತಿದ್ಲು ಅಂತ ಅಂದ್ರಾ?"

ಖಿಯೆಮ್ ಇಲ್ಲವೆಂದು ತಲೆಯಾಡಿಸಿದ. ಅವ್ವ ಮಗನ ಕಡೆ ತಿರುಗಿದಳು. ಥಾಕ್ ಬೇಗ ಬೇಗ ಹೇಳತೊಡಗಿದ: "ಅವ್ವ, ಪೆಟ್ಟಿಗೆ... ಗಳಿಗೆ ಮೀರ್ತಿತ್ತು, ದಾರಿ ಮುಚ್ಚಿತ್ತು, ನಾನು ಬೇರೆ ಮಾಡಿಸ್ತೀನಿ, ಅದೇ ಥರದ ಮರದಲ್ಲೇ..."

"ಪೆಟ್ಟಿಗೆ ಹಾಳಾಗ್ಲಿ ಕಣೋ!" ಅವ್ವನ ದನಿಗೆ ಕೋಳಿಗಳು ಚದುರಿದವು. "ಪೆಟ್ಟಿಗೆ ಕೊಟ್ಟಿದ್ದು ಒಳ್ಳೇದೇ ಮಾಡ್ದೆ. ಹೆಣಕ್ಕೆ ಇಲ್ಲ ಅಂತಾರಾ ಯಾರಾದ್ರೂ? ನಾನು ಇದ್ದಿದ್ರೂ ಕೊಡ್ತಿದ್ದೆ, ಬೈಕೊಂಡ್ ಕೊಡ್ತಿದ್ದೆ. ನಂಗ್ಯಾಕೋ ಹೇಳ್ಲಿಲ್ಲ? ಅವಳು ಮಣ್ಣಲ್ಲಿದಾಳೆ, ನಾನು ನಿನ್ ಅಕ್ಕನ ಮನೇಲಿ ಕೂತ್ಕೊಂಡು ಅವಳಿಗೆ ಬೈಗಳ ಹೊಸೀತಿದ್ದೆ. ನಗ್ತಿದ್ದೆ ಕಣೋ ನಾನು! ಇಡೀ ಬಸ್ಸನ್ನ ನಗಿಸ್ಕೊಂಡ್ ಬಂದೆ. ಊರಿನ ಹಂದಿ ಸತ್ರೆ ಮೈಕಲ್ಲಿ ಕೂಗ್ತೀಯ. ನನ್ ಮನೆಗೆ ಬಂದೋಳು, ನನ್ ಕಣ್ಮುಂದೆ ಮುದುಕಿ ಆದೋಳು ಸತ್ರೆ, ನಿಂಗೆ ಬಾಯಿ ಬರ್ಲಿಲ್ಲ."

ಹೊಡೆದಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ತಾನು ಎದೆಯೊಳಗೆ ಬಚ್ಚಿಟ್ಟು, ಟಾರ್ಪಾಲು ಹೊದಿಸಿ, ಕಾವಲು ಕಾದ ತಪ್ಪು ತಪ್ಪೇ ಅಲ್ಲವೆಂದೂ, ನಿಜವಾದ ತಪ್ಪು ಕಣ್ಣೆದುರೇ ಬಿದ್ದಿತ್ತೆಂದೂ, ಅದನ್ನು ಹ್ವೇ ಮೊದಲ ದಿನವೇ ನೋಡಿದ್ದಳೆಂದೂ ಥಾಕ್‌ಗೆ ಆ ಕ್ಷಣ ಅರ್ಥವಾಯಿತು. ಸಾವಿನ ಸುದ್ದಿಯನ್ನು ಅಷ್ಟು ಚೆನ್ನಾಗಿ ಓದಬಲ್ಲ ತನಗೆ ಸಾವಿನ ವಿಷಯ ಇಷ್ಟೂ ಗೊತ್ತಿರಲಿಲ್ಲವೆಂದು ಮೈ ಹಿಡಿಯಾಯಿತು.

"ಎಲ್ಲಿಟ್ಟಿದೀರಿ, ತೋರ್ಸು," ಎಂದು ಅವ್ವ ಎದ್ದಳು.

ಗುಡ್ಡ ಹತ್ತುವಾಗ ಅವ್ವ ಅವನ ಕೈ ಹಿಡಿಯಲಿಲ್ಲ. ಮುಂದೆ ಅವಳು, ಹಿಂದೆ ಥಾಕ್, ಅವನ ಹಿಂದೆ ಖಿಯೆಮ್, ಖಿಯೆಮ್‌ನ ಹಿಂದೆ ಒಂದು ನಾಯಿ. ಅದು ಬಾತಿನ ಪೊಟ್ಟಣದ ವಾಸನೆಗೆ ಬಂದದ್ದು. ಹಸಿ ಮಣ್ಣಿನ ದಿಬ್ಬದ ಮೇಲೆ ಕಾಗದದ ಹೂಗಳು ಮಳೆಗೆ ಬಣ್ಣ ಬಿಟ್ಟಿದ್ದವು. ಖಿಯೆಮ್ ಊದುಬತ್ತಿ ಹಚ್ಚಿ ಕೊಟ್ಟ. ಅವ್ವ ಅದನ್ನು ನೆಟ್ಟು, ಬಾಳೆಲೆ ಬಿಚ್ಚಿ, ತೊಡೆಯ ಮಾಂಸವನ್ನು ದಿಬ್ಬದ ಮುಂದೆ ಇಟ್ಟಳು. ಮೆತ್ತಗಿನ ಭಾಗ ಮೇಲೆ ಬರುವಂತೆ ತಿರುಗಿಸಿ ಇಟ್ಟಳು. ನಾಯಿಗೆ ಒಂದು ಕಲ್ಲು ಎಸೆದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕಾಲುವೆಯ ದಡದಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತಳು.

"ಏನೇ ಕೊಕ್ಕರೆ," ಎಂದಳು. "ಜೋಳದ ವಾಸ್ನೆ ಹೆಂಗಿದೆ ಈಗ? ಹುರಿದ ಜೋಳ ಆದ್ರೆ ಹಿರೀಕರು ಬಾಯಿಗಾದ್ರೂ ಹಾಕ್ಕೋತಾರೆ ಕಣೇ. ಮೀನ್‌ಸಾರು ನಾರೋ ನಿನ್ನನ್ನ ಬೆಕ್ಕೂ ಮೂಸಲ್ಲ, ಮಣ್ಣು ಮುಚ್ಚಿ ಹೊರಟುಹೋಗುತ್ತೆ!"

ದನಿ ಎಲ್ಲೂ ನಡುಗಲಿಲ್ಲ. ಖಿಯೆಮ್ ತಲೆ ತಗ್ಗಿಸಿದ. ಅವನ ಭುಜ ಅಲುಗಿದ್ದು ಅಳುವಿನಿಂದಲೋ ನಗುವಿನಿಂದಲೋ ಹೇಳುವುದು ಕಷ್ಟವಿತ್ತು. ಅವ್ವ ಕಾದಳು. ಎಂದಿನ ಅಭ್ಯಾಸದಂತೆ ಕತ್ತು ಸ್ವಲ್ಪ ಓರೆ ಮಾಡಿ, ಬರುವ ಉತ್ತರಕ್ಕೆ ಕಿವಿಗೊಟ್ಟು ಕಾದಳು. ಕೆಳಗೆ ಕಣಿವೆಯಲ್ಲಿ ಯಾರೋ ಎಮ್ಮೆಯನ್ನು ಕರೆಯುತ್ತಿದ್ದರು. ಊದುಬತ್ತಿಯ ಹೊಗೆ ನೇರವಾಗಿ ಮೇಲೆ ಹೋಯಿತು. ಅವ್ವ ಕಾಯುತ್ತಲೇ ಇದ್ದಳು, ಅದನ್ನು ನೋಡಲಾಗದೆ ಥಾಕ್ ಬೇರೆ ಕಡೆ ತಿರುಗಿದ.

"ಲೇ," ಎಂದಳು ಅವ್ವ, ತಿರುಗದೆ. "ಏನ್ ಕಂಬದ ಹಾಗೆ ನಿಂತಿದೀಯ. ಉತ್ತರ ಹೇಳು."

"ನಾನಾ?"

"ಮತ್ತಿನ್ಯಾರು? ಪೆಟ್ಟಿಗೆ ಕೊಟ್ಟೋನು ನೀನು. ಅವಳ ಕಡೆಯೋನು. ಹೇಳು."

ಥಾಕ್ ಖಿಯೆಮ್‌ನನ್ನು ನೋಡಿದ. ಖಿಯೆಮ್ ಕಾಗದದ ಹೂವು ಸರಿಪಡಿಸತೊಡಗಿದ. ಅವ್ವನಿಗೆ ಎದುರು ಮಾತಾಡಿದ್ದು ಥಾಕ್‌ಗೆ ನೆನಪಿಲ್ಲ. ಹೆಂಡತಿಗೂ ಆಡಿಲ್ಲ, ಕಮ್ಯೂನಿನ ಅಧ್ಯಕ್ಷರಿಗೂ ಆಡಿಲ್ಲ, ಮೀನು ಮಾರುವವಳು ತೂಕ ತಪ್ಪಿಸಿದಾಗಲೂ ಆಡಿಲ್ಲ. ಬರೆದುಕೊಟ್ಟದ್ದನ್ನು ಓದುವವನು ಅವನು. ಇಲ್ಲಿ ಕೈಯಲ್ಲಿ ಚೀಟಿಯಿಲ್ಲ. ಆದರೂ ಬಾಯಿ ತೆರೆದ, ಏನು ಬರುತ್ತದೆಂದು ತಿಳಿಯದೆ ತೆರೆದ. ಅದು ಬಯಲಿನ ಮಾತಿನಲ್ಲಿ, ಮೂಗಿನಿಂದ ಸ್ವಲ್ಪ ಎಳೆದು, ಎಂದೂ ಅವನದಲ್ಲದ ಸೊಕ್ಕಿನಿಂದ ಹೊರಗೆ ಬಂತು:

"ಬೆಕ್ಕು ಮಣ್ಣು ಮುಚ್ಚೋದು ತನ್ನದಕ್ಕೆ ಮಾತ್ರ, ಥಾಕ್‌ನ ಅವ್ವ. ಊರವರದಕ್ಕೆಲ್ಲ ಮುಚ್ಚಲ್ಲ. ನಂಗೆ ಮಣ್ಣು ಮುಚ್ಚಿದ್ದು ನಿನ್ ಮನೆಯೋರು, ಅಂದ್ರೆ ನಾನು ನಿನ್ನೋಳೇ ಅಂತ ಕೊನೆಗೂ ಒಪ್ಕೊಂಡ ಹಾಗಾಯ್ತಲ್ಲ."

ಅವ್ವ ಗಕ್ಕನೆ ತಿರುಗಿದಳು. ಮಗನ ಮುಖವನ್ನು ಮೇಲಿಂದ ಕೆಳಗೆ ಹುಡುಕಿದಳು, ಅದರೊಳಗೆ ಇನ್ನಾರೋ ಅಡಗಿಕೊಂಡಿದ್ದಾರೆ ಎಂಬಂತೆ. ಉತ್ತರಕ್ಕಾಗಿ ಅವಳ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಇದು ನಿಂದಲ್ಲ ಕಣೋ," ಎಂದಳು. "ನಿಂಗೆಲ್ಲಿ ಬರ್ಬೇಕು ಇಷ್ಟು ಬುದ್ಧಿ. ಇದು ಅವಳದೇ."

ಮತ್ತೆ ಸೋತವಳ ಹಾಗೆ ಹಸಿ ಮಣ್ಣಿನ ಮೇಲೆ, ಒಳ್ಳೆಯ ಅಂಗಿಯಲ್ಲೇ ಕುಸಿದು ಕೂತಳು. ತಲೆವಸ್ತ್ರ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಳು, ಅಳುವವರು ಮಾಡುವ ಹಾಗೆ. ಆಮೇಲೆ ಶುರು ಮಾಡಿದಳು. ಕೆಸರುಗಾಲಲ್ಲಿ ನನ್ನ ಏಣಿ ಹತ್ತಿ ಬಂದವಳೇ, ಓರೆಕೋರೆ ನಾಟಿ ಮಾಡ್ತಿದ್ದವಳೇ, ಎಂದು ಹಾಡಿನ ಹಾಗೆ ಎಳೆದು, ಕಣಿವೆಯ ಆ ತುದಿಗೂ ಕೇಳಿಸುವ ಹಾಗೆ. ಕೆಳಗೆ ಎಮ್ಮೆ ಕರೆಯುತ್ತಿದ್ದವರು ಸುಮ್ಮನಾದರು. ಥಾಕ್ ಅವಳ ಪಕ್ಕದಲ್ಲಿ ಮಣ್ಣಿನಲ್ಲೇ ಕೂತ. ಅವನಿಗೂ ಅಳು ಬಂದಿತ್ತು. ಜೊತೆಗೆ ನಾಳೆ ಬೆಳಗ್ಗೆ ಅವ್ವ ಇದಕ್ಕೊಂದು ಉತ್ತರ ಹೊಸೆದುಕೊಂಡು ಕಾಲುವೆಯ ದಡಕ್ಕೆ ಬಂದು ನಿಲ್ಲುತ್ತಾಳೆ, ಆಚೆ ದಡದಲ್ಲಿ ತಾನು ನಿಂತಿರಬೇಕಾಗುತ್ತದೆ ಎಂಬ ಗಾಬರಿಯೂ ಆಗಿತ್ತು.